ಓದುಗರ ಪ್ರಶ್ನೆಗಳು: ಹಂಗೆರಿಯ ವಾಟರ್ ಪೋಲೊ ತಂಡದ ಸಾಧನೆ

ಪ್ರಶ್ನೆ: ಒಲಿಂಪಿಕ್ಸ್‌ನ ಪುರುಷರ ವಾಟರ್ ಪೋಲೊದಲ್ಲಿ ಅತಿ ಹೆಚ್ಚು ಚಿನ್ನ ಗೆದ್ದಿರುವುದು ಹಂಗೆರಿ ಎಂದು ಓದಿದೆ. ಸಮುದ್ರದ ಅಂಚೇ ಇಲ್ಲದ, ಒಂದು ಕೋಟಿಯಷ್ಟೂ ಜನರಿಲ್ಲದ ದೇಶಕ್ಕೆ ಇದು ಹೇಗೆ ಸಾಧ್ಯವಾಯಿತು?
(ಧಾರವಾಡದ ಓದುಗರು)

ಉತ್ತರ: ತಾವು ಓದಿದ್ದು ನಿಜ. ಈಜುಕೊಳದಲ್ಲಿ ಎರಡು ತಂಡಗಳು ಚೆಂಡನ್ನು ಕೈಯಿಂದ ಎಸೆದು ಗೋಲು ಹೊಡೆಯುವ ಈ ಆಟದಲ್ಲಿ ಹಂಗೆರಿ 1932, 1936, 1952, 1956, 1964, 1976, 2000, 2004 ಮತ್ತು 2008ರ ಒಲಿಂಪಿಕ್ಸ್‌ಗಳಲ್ಲಿ ಹೀಗೆ ಒಟ್ಟು ಒಂಬತ್ತು ಚಿನ್ನ ಗೆದ್ದಿದೆ. ಮೂರು ಬೆಳ್ಳಿ, ನಾಲ್ಕು ಕಂಚುಗಳನ್ನೂ ಸೇರಿಸಿದರೆ ಪದಕಗಳ ಸಂಖ್ಯೆ ಹದಿನಾರಕ್ಕೆ ಏರುತ್ತದೆ. ಎರಡನೆಯ ಸ್ಥಾನದಲ್ಲಿರುವ ಬ್ರಿಟನ್ನಿಗೆ ನಾಲ್ಕು ಚಿನ್ನಗಳಿವೆಯಾದರೂ ಅವೆಲ್ಲ 1920ರೊಳಗೆ ಬಂದವು. ಯುರೋಪಿಯನ್ ಚಾಂಪಿಯನ್‌ಷಿಪ್ 1926ರಲ್ಲಿ ಬುಡಾಪೆಸ್ಟ್‌ನಲ್ಲಿ ಆರಂಭವಾದಾಗ ಮೊದಲ ಪ್ರಶಸ್ತಿ ಗೆದ್ದದ್ದೂ ಹಂಗೆರಿಯೇ. 2020ರಲ್ಲಿ ಅದೇ ನಗರದಲ್ಲಿ ಗೆದ್ದದ್ದು ಹದಿಮೂರನೆಯ ಪ್ರಶಸ್ತಿ. 1973, 2003, 2013 ಮತ್ತು 2023ರಲ್ಲಿ ಅದು ವಿಶ್ವ ಚಾಂಪಿಯನ್ ಆಗಿದೆ.

ಸಮುದ್ರವಿಲ್ಲದಿದ್ದರೂ ಹಂಗೆರಿಗೆ ನೀರಿನ ಕೊರತೆಯಿಲ್ಲ. ಬುಡಾಪೆಸ್ಟ್ ನಗರವು ಬಿಸಿನೀರಿನ ಬುಗ್ಗೆಗಳ ಮೇಲೆಯೇ ಬೆಳೆದಿದ್ದು, ಹಿಮ ಬೀಳುವ ಚಳಿಗಾಲದಲ್ಲೂ ತೆರೆದ ಕೊಳಗಳಲ್ಲಿ ಈಜಲು ಅಲ್ಲಿ ಸಾಧ್ಯವಿದೆ. ಡ್ಯಾನ್ಯೂಬ್ ನದಿಯ ನಡುವಿನ ಮಾರ್ಗರೆಟ್ ದ್ವೀಪದಲ್ಲಿ 1930ರಲ್ಲಿ ದೊಡ್ಡದೊಂದು ಈಜುಕೊಳ ಸಿದ್ಧವಾಯಿತು. ಅದನ್ನು ವಿನ್ಯಾಸ ಮಾಡಿದವರು 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲಿ ಈಜಿನಲ್ಲಿ ಎರಡು ಚಿನ್ನ ಗೆದ್ದು, ಆಮೇಲೆ ವಾಸ್ತುಶಿಲ್ಪಿಯಾದ ಆಲ್ಫ್ರೆಡ್ ಹಾಯೋಶ್. ಆದರೆ ಬಿಸಿನೀರಿನ ಬುಗ್ಗೆಗಳು ಐಸ್‌ಲ್ಯಾಂಡಿನಲ್ಲೂ ಜಪಾನಿನಲ್ಲೂ ಧಾರಾಳವಾಗಿವೆ, ಅಲ್ಲಿ ಇಂಥ ತಂಡ ಹುಟ್ಟಲಿಲ್ಲ. ಆದ್ದರಿಂದ ನೀರಿಗಿಂತ ಹೆಚ್ಚಿನ ಕಾರಣವನ್ನು ಆಟ ಕಲಿಸಿದವರಲ್ಲಿ ಹುಡುಕಬೇಕು ಎಂಬುದು ನನ್ನ ಅಭಿಪ್ರಾಯ.

ಆ ಸಾಲಿನಲ್ಲಿ ಮೊದಲು ನಿಲ್ಲುವವರು ತರಬೇತುದಾರ ಬೇಲಾ ಕೊಮ್ಯಾದಿ. ಅವರಿಗಿಂತ ಮೊದಲು ಚೆಂಡನ್ನು ಜೊತೆಯ ಆಟಗಾರನ ಮುಂದೆ ನೀರಿನ ಮೇಲೆ ಬೀಳುವಂತೆ ಎಸೆಯುವುದು ರೂಢಿಯಾಗಿತ್ತು. ಅವನು ಈಜಿ ಹೋಗಿ, ಅದನ್ನು ಎತ್ತಿ, ಮತ್ತೆ ಎಸೆಯುವಷ್ಟರಲ್ಲಿ ಎದುರಾಳಿ ಮೈಮೇಲೆ ಬಿದ್ದಿರುತ್ತಿದ್ದ. ಚೆಂಡು ನೀರನ್ನು ಮುಟ್ಟದಂತೆ ಗಾಳಿಯಲ್ಲೇ ಒಂದು ಕೈಯಿಂದ ಹಿಡಿದು, ಅದೇ ಬೀಸಿನಲ್ಲಿ ಮುಂದಕ್ಕೆ ಕಳುಹಿಸುವುದನ್ನು ಕೊಮ್ಯಾದಿ ತಮ್ಮ ಹುಡುಗರಿಗೆ ಕಲಿಸಿದರು. ಇಂದು ಎಲ್ಲ ದೇಶಗಳೂ ಆಡುವುದು ಇದೇ ಬಗೆಯಲ್ಲಿ. 1928ರ ಆಮ್‌ಸ್ಟರ್‌ಡಾಮ್ ಫೈನಲ್‌ನಲ್ಲಿ ಜರ್ಮನಿಗೆ ಸೋತ ಹಂಗೆರಿ, ನಾಲ್ಕು ವರ್ಷಗಳ ನಂತರ ಲಾಸ್ ಏಂಜಲೀಸ್‌ನಲ್ಲಿ ಅದೇ ಜರ್ಮನಿಯನ್ನು ಎರಡನೆಯ ಸ್ಥಾನಕ್ಕೆ ತಳ್ಳಿ ಚಿನ್ನ ಗೆದ್ದಿತು. ಕೊಮ್ಯಾದಿ 1933ರಲ್ಲಿ ತೀರಿಕೊಂಡರು. ಅವರು ಕಂಡದ್ದು ಆ ಒಂದೇ ಚಿನ್ನವಾದರೂ ಅವರು ಹಾಕಿಕೊಟ್ಟ ದಾರಿಯಲ್ಲಿ ಆಡಿದವರು ಮುಂದೆ ಗುರುಗಳಾದರು, ಆ ಗುರುಗಳ ಶಿಷ್ಯರು ಮತ್ತೆ ಗುರುಗಳಾದರು. ಬುಡಾಪೆಸ್ಟ್‌ನ ಒಂದು ಪ್ರಮುಖ ಈಜುಕೊಳಕ್ಕೆ ಅವರ ಹೆಸರನ್ನೇ ಇಡಲಾಗಿದೆ.

ಪ್ರಶ್ನೆ: ಆಟಗಾರರು ಅಷ್ಟು ಹೊತ್ತು ನೀರಿನಲ್ಲಿ ಎದೆಮಟ್ಟಕ್ಕೆ ನಿಂತಿರುತ್ತಾರೆ. ಅವರು ಕೊಳದ ತಳಕ್ಕೆ ಕಾಲು ಊರಿರುತ್ತಾರೆಯೇ?
(ಹಾಸನದ ವಿದ್ಯಾರ್ಥಿನಿ)

ಉತ್ತರ: ಇಲ್ಲ. ಅಂತರರಾಷ್ಟ್ರೀಯ ಪಂದ್ಯಗಳು ಕಾಲಿಗೆ ತಳ ಸಿಗದಷ್ಟು ಆಳದ ಕೊಳದಲ್ಲಿ ನಡೆಯುತ್ತವೆ. ಮಂಡಿಗಳನ್ನು ಅಗಲಿಸಿ, ಎರಡೂ ಕಾಲುಗಳನ್ನು ಒಂದಾದ ಮೇಲೊಂದರಂತೆ ಎದುರುಬದುರು ದಿಕ್ಕಿನಲ್ಲಿ ಮಜ್ಜಿಗೆ ಕಡೆಯುವ ಕಡಗೋಲಿನಂತೆ ತಿರುಗಿಸುತ್ತಲೇ ಇದ್ದರೆ ದೇಹ ಮುಳುಗದೆ ನೇರವಾಗಿ ನಿಲ್ಲುತ್ತದೆ. ಹೊಡೆತದ ಕ್ಷಣದಲ್ಲಿ ಈ ಚಲನೆಯನ್ನು ಇದ್ದಕ್ಕಿದ್ದಂತೆ ಚುರುಕುಗೊಳಿಸಿದ ಆಟಗಾರ ಸೊಂಟದವರೆಗೂ ನೀರಿನಿಂದ ಮೇಲೆದ್ದು ಗೋಲಿನತ್ತ ಚೆಂಡು ಬೀಸುತ್ತಾನೆ. ಪ್ರತಿ ತಂಡದಿಂದ ಏಳು ಮಂದಿ ನೀರಿನಲ್ಲಿರುತ್ತಾರೆ. ಚೆಂಡನ್ನು ಎರಡೂ ಕೈಗಳಿಂದ ಮುಟ್ಟುವ ಅವಕಾಶ ಗೋಲ್‌ಕೀಪರನಿಗೆ ಮಾತ್ರ ಇದೆ. ಎಂಟು ನಿಮಿಷಗಳ ನಾಲ್ಕು ಅವಧಿಗಳೆಂದರೆ ಕಡಿಮೆ ಎನ್ನಿಸಬಹುದು. ಆದರೆ ಆಟ ನಿಂತಾಗಲೆಲ್ಲ ಗಡಿಯಾರವೂ ನಿಲ್ಲುವುದರಿಂದ ಪಂದ್ಯ ಒಂದು ಗಂಟೆಯವರೆಗೂ ಎಳೆಯುತ್ತದೆ, ಅಷ್ಟೂ ಹೊತ್ತು ಕಾಲುಗಳಿಗೆ ಬಿಡುವಿಲ್ಲ.

ಪ್ರಶ್ನೆ: ಹಾಗಾದರೆ ಒಂದು ಕಾಲಿನ ಭಾಗವನ್ನೇ ಕಳೆದುಕೊಂಡವರು ಹಂಗೆರಿ ತಂಡದಲ್ಲಿ ಆಡಿ ಒಲಿಂಪಿಕ್ ಚಿನ್ನ ಗೆದ್ದರೆಂಬುದು ಕಟ್ಟುಕತೆಯೇ?
(ಮೈಸೂರಿನ ಓದುಗರು)

ಉತ್ತರ: ಕಟ್ಟುಕತೆಯಲ್ಲ. ಅವರ ಹೆಸರು ಒಲಿವೇರ್ ಹಲಾಶಿ. ಬಾಲ್ಯದಲ್ಲಿ ಟ್ರಾಮ್ ಅಪಘಾತಕ್ಕೆ ಸಿಲುಕಿ ಅವರ ಎಡಗಾಲು ಮಂಡಿಯ ಕೆಳಗೆ ತುಂಡಾಗಿತ್ತು. ಹಿಂದಿನ ಉತ್ತರದಲ್ಲಿ ವಿವರಿಸಿದ ಕಾಲಿನ ಕೆಲಸವನ್ನು ನೆನೆದರೆ ಈ ಮನುಷ್ಯ ಮಾಡಿದ್ದು ಎಂಥದ್ದೆಂದು ಅರಿವಾದೀತು. 1928ರಲ್ಲಿ ಬೆಳ್ಳಿ, 1932 ಮತ್ತು 1936ರಲ್ಲಿ ಚಿನ್ನ ಗೆದ್ದ ತಂಡಗಳಲ್ಲಿ ಅವರಿದ್ದರು. ಅದು ಸಾಲದೆಂಬಂತೆ 1931ರಲ್ಲಿ 1500 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ ಯುರೋಪಿಯನ್ ಚಾಂಪಿಯನ್ ಕೂಡ ಆದರು. ಪ್ಯಾರಾಲಿಂಪಿಕ್ಸ್ ಇನ್ನೂ ಹುಟ್ಟದಿದ್ದ ಆ ಕಾಲದಲ್ಲಿ ಅವರಿಗೆ ಯಾವ ರಿಯಾಯಿತಿಯೂ ಸಿಕ್ಕಿರಲಿಲ್ಲ. ಅಂಥವರ ಹೆಸರು ಇಂದು ಹಂಗೆರಿಯ ಹೊರಗೆ ಅಷ್ಟಾಗಿ ಕೇಳಿಬರದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಪ್ರಶ್ನೆ: 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಹಂಗೆರಿ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ನಡೆದ ಪಂದ್ಯದಲ್ಲಿ ಕೊಳವೇ ಕೆಂಪಾಯಿತು ಎನ್ನುತ್ತಾರೆ. ನಡೆದದ್ದೇನು? ಅದು ಫೈನಲ್ ಆಗಿತ್ತೇ?
(ಶಿವಮೊಗ್ಗದ ಓದುಗರು)

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಹೆಚ್ಚಿನವರು ತಪ್ಪಾಗಿ ತಿಳಿದಿರುವುದು ಅದನ್ನೇ. ಅದು ಫೈನಲ್ ಆಗಿರಲಿಲ್ಲ. ಆ ವರ್ಷ ಪದಕಗಳು ನಿರ್ಧಾರವಾದದ್ದು ಕೊನೆಯ ಸುತ್ತಿಗೆ ಬಂದ ತಂಡಗಳು ಪರಸ್ಪರ ಆಡುವ ಲೀಗ್ ಪದ್ಧತಿಯಲ್ಲಿ.

ಅಕ್ಟೋಬರ್ 23ರಂದು ಬುಡಾಪೆಸ್ಟ್‌ನಲ್ಲಿ ಸೋವಿಯತ್ ಹಿಡಿತದ ವಿರುದ್ಧ ಜನರ ದಂಗೆ ಎದ್ದಿತು. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ನಗರಕ್ಕೆ ನುಗ್ಗಿ ಅದನ್ನು ಹತ್ತಿಕ್ಕಿದವು. ಹಂಗೆರಿಯಲ್ಲಿ ನಡೆದದ್ದನ್ನು ಪ್ರತಿಭಟಿಸಿ ನೆದರ್ಲೆಂಡ್ಸ್, ಸ್ಪೇನ್ ಮತ್ತು ಸ್ವಿಟ್ಜರ್ಲೆಂಡ್ ದೇಶಗಳು ಒಲಿಂಪಿಕ್ಸ್‌ನಿಂದ ದೂರ ಉಳಿದರೆ, ಸ್ವತಃ ಹಂಗೆರಿಯ ಆಟಗಾರರು ಮಾತ್ರ ಮನೆಯವರ ಕ್ಷೇಮ ಸಮಾಚಾರವೂ ಸರಿಯಾಗಿ ತಿಳಿಯದ ಸ್ಥಿತಿಯಲ್ಲಿ ಕಣಕ್ಕಿಳಿಯಬೇಕಾಯಿತು. ಡಿಸೆಂಬರ್ 6ರಂದು ಪಂದ್ಯ ನಡೆದಾಗ ಪ್ರೇಕ್ಷಕರಲ್ಲಿ ಆಸ್ಟ್ರೇಲಿಯದಲ್ಲಿ ನೆಲೆಸಿದ್ದ ಹಂಗೆರಿಯನ್ನರು ದೊಡ್ಡ ಸಂಖ್ಯೆಯಲ್ಲಿದ್ದರು. ಶಾಲೆಯಲ್ಲಿ ಕಡ್ಡಾಯವಾಗಿ ರಷ್ಯನ್ ಕಲಿತಿದ್ದ ಹಂಗೆರಿಯ ಆಟಗಾರರು ಎದುರಾಳಿಗಳಿಗೆ ಅವರ ಭಾಷೆಯಲ್ಲೇ ಮೂದಲಿಕೆಯ ಮಾತುಗಳನ್ನಾಡಿದರು. ನೀರಿನ ಮೇಲೆಯೂ ಕೆಳಗೂ ಗುದ್ದಾಟ ಮೊದಲಿನಿಂದಲೇ ಆರಂಭವಾಗಿತ್ತು.

ಹಂಗೆರಿ 4–0 ಅಂತರದಿಂದ ಮುಂದಿತ್ತು. ಅದರಲ್ಲಿ ಎರಡು ಗೋಲುಗಳು ಯುವ ಆಟಗಾರ ಎರ್ವಿನ್ ಜಾದೋರ್ ಅವರವು. ಕೊನೆಯ ನಿಮಿಷಗಳಲ್ಲಿ ಜಾದೋರ್ ಸೋವಿಯತ್ ಆಟಗಾರ ವ್ಯಾಲೆಂಟಿನ್ ಪ್ರೊಕೊಪೊವ್ ಅವರನ್ನು ತಡೆಯಲು ಕಾವಲಿದ್ದಾಗ ಸೀಟಿಯ ಸದ್ದು ಕೇಳಿ ರೆಫರಿಯತ್ತ ಒಂದು ಕ್ಷಣ ಮುಖ ತಿರುಗಿಸಿದರು. ಮರಳಿ ನೋಡುವಷ್ಟರಲ್ಲಿ ಪ್ರೊಕೊಪೊವ್ ಬೀಸಿದ ಕೈ ಅವರ ಬಲಗಣ್ಣಿನ ಬಳಿ ಅಪ್ಪಳಿಸಿ ಚರ್ಮ ಸೀಳಿತು. ಮುಖದಿಂದ ರಕ್ತ ಸುರಿಯುತ್ತಿದ್ದ ಜಾದೋರ್ ಕೊಳದಿಂದ ಹೊರಬಂದದ್ದನ್ನು ಕಂಡ ಪ್ರೇಕ್ಷಕರು ಕೊಳದ ಅಂಚಿಗೇ ನುಗ್ಗಿದ್ದರಿಂದ ಪೊಲೀಸರು ಮಧ್ಯೆ ಬರಬೇಕಾಯಿತು. ಪಂದ್ಯವನ್ನು ಅಲ್ಲಿಗೇ ನಿಲ್ಲಿಸಿ ಹಂಗೆರಿ ಗೆದ್ದಿತೆಂದು ಘೋಷಿಸಲಾಯಿತು. ಕೊಳವೆಲ್ಲ ಕೆಂಪಾಯಿತೆಂಬುದು ಉತ್ಪ್ರೇಕ್ಷೆ; ಆ ದಿನದ ಛಾಯಾಚಿತ್ರದಲ್ಲಿ ಕಾಣುವುದು ಕಣ್ಣಿನ ಕೆಳಗೆ ರಕ್ತ ಇಳಿಯುತ್ತಿರುವ ಒಬ್ಬ ಯುವಕನ ಮುಖ.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಚಿನ್ನ ಕೈಸೇರಬೇಕಾದರೆ ಯುಗೊಸ್ಲಾವಿಯ ವಿರುದ್ಧದ ಪಂದ್ಯ ಇನ್ನೂ ಬಾಕಿಯಿತ್ತು. ಗಾಯದ ಕಾರಣ ಜಾದೋರ್ ಅದರಲ್ಲಿ ಆಡಲಾಗಲಿಲ್ಲ. ಹೊರಗೆ ಕುಳಿತು ನೋಡುವುದಷ್ಟೇ ಅವರ ಪಾಲಿಗಿತ್ತು. ಹಂಗೆರಿ 2–1ರಿಂದ ಗೆದ್ದಿತು. ದೇಶ ಕುಸಿದಿರುವಾಗ, ಮೈಕೈ ನುಗ್ಗಾಗಿರುವಾಗ, ಮುಖ್ಯ ಆಟಗಾರನೊಬ್ಬನಿಲ್ಲದೆ ಒಂದೇ ಗೋಲಿನ ಅಂತರವನ್ನು ಕೊನೆಯವರೆಗೂ ಕಾಯ್ದುಕೊಂಡ ಆ ಪಂದ್ಯವೇ ನನ್ನ ದೃಷ್ಟಿಯಲ್ಲಿ ಹೆಚ್ಚು ದೊಡ್ಡದು. ಕೂಟ ಮುಗಿದ ಮೇಲೆ ಹಂಗೆರಿಯ ಅನೇಕ ಕ್ರೀಡಾಪಟುಗಳು ತಾಯ್ನಾಡಿಗೆ ಮರಳಲಿಲ್ಲ. ಜಾದೋರ್ ಅಮೆರಿಕದಲ್ಲಿ ನೆಲೆಸಿ ಈಜು ತರಬೇತುದಾರರಾದರು; ಮುಂದೆ 1972ರ ಮ್ಯೂನಿಕ್‌ನಲ್ಲಿ ಏಳು ಚಿನ್ನ ಗೆದ್ದ ಮಾರ್ಕ್ ಸ್ಪಿಟ್ಜ್ ಹುಡುಗನಾಗಿದ್ದಾಗ ಅವರ ಬಳಿ ಕಲಿತಿದ್ದರು.

ಪ್ರಶ್ನೆ: 1976ರಿಂದ 2000ದವರೆಗೆ ಒಂದು ಚಿನ್ನವೂ ಇಲ್ಲ, ಆಮೇಲೆ ಸತತ ಮೂರು. ಈ ಏರಿಳಿತಕ್ಕೆ ಕಾರಣವೇನು? ಈಗ ಆ ತಂಡದ ಸ್ಥಿತಿ ಹೇಗಿದೆ?
(ಮುಂಬೈಯ ಕನ್ನಡಿಗರು)

ಉತ್ತರ: 1980ರ ಮಾಸ್ಕೋದಲ್ಲಿ ಕಂಚು ಬಂದಿತ್ತು. 1984ರ ಕೂಟವನ್ನು ಸೋವಿಯತ್ ಬಣದ ದೇಶಗಳು ಬಹಿಷ್ಕರಿಸಿದ್ದರಿಂದ ಹಂಗೆರಿಯೂ ಹೋಗಲಿಲ್ಲ. ಆನಂತರದ ಎರಡು ಒಲಿಂಪಿಕ್ಸ್‌ಗಳಲ್ಲಿ ಪದಕ ಸಿಗಲಿಲ್ಲ. 1996ರ ಅಟ್ಲಾಂಟಾದಲ್ಲಿ ಕಂಚಿನ ಪದಕದ ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ, ಇಟಲಿಯ ಎದುರು 18–20ರಿಂದ ಕೈತಪ್ಪಿತು. ಆ ಸೋಲು ಉಂಡವರಲ್ಲಿ ತಿಬೋರ್ ಬೆನೆದೆಕ್ ಮತ್ತು ತಮಾಶ್ ಕಾಶಾಶ್ ಇದ್ದರು.

1997ರಲ್ಲಿ ದೇನೆಶ್ ಕೆಮೇನಿ ತರಬೇತುದಾರರಾಗಿ ಬಂದರು. ಅದೇ ವರ್ಷ ಯುರೋಪಿಯನ್ ಪ್ರಶಸ್ತಿ ಬಂತು, 1999ರಲ್ಲಿ ಮತ್ತೊಮ್ಮೆ ಬಂತು. 2000ದ ಸಿಡ್ನಿ ಫೈನಲ್‌ನಲ್ಲಿ ರಷ್ಯ 13–6ರಿಂದ ಸೋತಿತು. 2004ರ ಅಥೆನ್ಸ್‌ನಲ್ಲಿ ಮೂರನೆಯ ಅವಧಿ ಮುಗಿದಾಗ ಹಿಂದಿದ್ದ ಹಂಗೆರಿ, ಕೊನೆಯ ಅವಧಿಯಲ್ಲಿ ಚೇತರಿಸಿಕೊಂಡು ಸೆರ್ಬಿಯಾ–ಮಾಂಟೆನೆಗ್ರೊ ತಂಡವನ್ನು 8–7ರಿಂದ ಸೋಲಿಸಿತು. 2008ರ ಬೀಜಿಂಗ್‌ನಲ್ಲಿ ಅಮೆರಿಕದ ವಿರುದ್ಧ 14–10ರ ಗೆಲುವು ದೊರೆಯಿತು. ಬೆನೆದೆಕ್, ಕಾಶಾಶ್, ಪೇತೆರ್ ಬಿರೋಶ್, ಗೆರ್ಗೆಯ್ ಕಿಶ್, ತಮಾಶ್ ಮೊಲ್ನಾರ್ ಮತ್ತು ಗೋಲ್‌ಕೀಪರ್ ಜೋಲ್ತಾನ್ ಸೇಚಿ ಈ ಮೂರೂ ತಂಡಗಳಲ್ಲಿದ್ದರು. ಒಬ್ಬನ ಕೈ ಎಲ್ಲಿ ಏಳುತ್ತದೆಂದು ಇನ್ನೊಬ್ಬನಿಗೆ ನೋಡದೆಯೇ ತಿಳಿಯುವಷ್ಟು ಕಾಲ ಆರು ಮಂದಿ ಒಂದೇ ತರಬೇತುದಾರರ ಕೆಳಗೆ ಜೊತೆಯಾಗಿ ಆಡಿದ್ದೇ ಆ ಯಶಸ್ಸಿನ ಮುಖ್ಯ ಕಾರಣವೆಂದು ನಾನು ಭಾವಿಸುತ್ತೇನೆ.

ಗುರುಗಳ ಸಾಲು ಇಲ್ಲಿಯೂ ಮುಂದುವರಿದಿದೆ. 1948ರಿಂದ 1964ರವರೆಗೆ ಸತತ ಐದು ಒಲಿಂಪಿಕ್ಸ್‌ಗಳಲ್ಲಿ ಪದಕ ಗೆದ್ದ ಡೆಜೊ ಗ್ಯಾರ್ಮತಿ 1976ರ ಚಿನ್ನದ ತಂಡಕ್ಕೆ ತರಬೇತಿ ನೀಡಿದ್ದರು. ಬೆನೆದೆಕ್ ತರಬೇತುದಾರರಾಗಿ 2013ರ ವಿಶ್ವ ಪ್ರಶಸ್ತಿ ತಂದುಕೊಟ್ಟರು; 2020ರಲ್ಲಿ, ನಲವತ್ತೇಳರ ವಯಸ್ಸಿನಲ್ಲೇ, ಕ್ಯಾನ್ಸರ್ ಅವರನ್ನು ಬಲಿ ತೆಗೆದುಕೊಂಡಿತು. ಸಿಡ್ನಿಯಲ್ಲಿ ಆಡಿದ್ದ ತಮಾಶ್ ಮ್ಯಾರ್ಟ್ಸ್ ಅವರ ಮಾರ್ಗದರ್ಶನದಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಕಂಚು, ಅವರ ಜೊತೆಗಾರ ಜೋಲ್ತ್ ವರ್ಗ ಅವರ ಮಾರ್ಗದರ್ಶನದಲ್ಲಿ 2023ರ ಫುಕುವೊಕದ ವಿಶ್ವ ಪ್ರಶಸ್ತಿ ಬಂದವು. ಆದರೆ ಒಲಿಂಪಿಕ್ಸ್‌ನ ಹಿರಿತನ ಸದ್ಯಕ್ಕೆ ಸೆರ್ಬಿಯದ್ದು. ಅದು 2016ರಿಂದ ಸತತ ಮೂರು ಚಿನ್ನ ಗೆದ್ದಿದೆ. 2024ರ ಪ್ಯಾರಿಸ್‌ನಲ್ಲಿ ಹಂಗೆರಿ ಸೆಮಿಫೈನಲ್‌ನಲ್ಲಿ ಕ್ರೊಯೇಷಿಯಕ್ಕೆ ಮಣಿದು, ಕಂಚಿನ ಪಂದ್ಯದಲ್ಲಿ ಅಮೆರಿಕದ ಎದುರು ಪೆನಾಲ್ಟಿಗಳಲ್ಲಿ ಸೋತು ನಾಲ್ಕನೆಯ ಸ್ಥಾನ ಪಡೆಯಿತು.

ಪ್ರಶ್ನೆ: ನಮ್ಮ ದೇಶ ಈ ಆಟದಲ್ಲಿ ಎಂದಾದರೂ ಗೆದ್ದದ್ದುಂಟೇ?
(ಬೆಂಗಳೂರಿನ ಓದುಗರು)

ಉತ್ತರ: ಉಂಟು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದ ವಾಟರ್ ಪೋಲೊ ಚಿನ್ನ ಭಾರತದ್ದೇ. 1970ರ ಬ್ಯಾಂಕಾಕ್‌ನಲ್ಲಿ ಬೆಳ್ಳಿ, 1982ರ ದೆಹಲಿಯಲ್ಲಿ ಕಂಚು ಬಂದವು, ಮತ್ತೆ ಬರಲಿಲ್ಲ. 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಭಾರತ ಆಡಿದ್ದು, ಲಂಡನ್‌ನಲ್ಲಿ ಚಿಲಿಯನ್ನು 7–4ರಿಂದ ಸೋಲಿಸಿತ್ತು. ನಮ್ಮಲ್ಲಿ ಈಜುಕೊಳಗಳು ಹೆಚ್ಚಿವೆ, ಆದರೆ ಬಹುಪಾಲು ಒಂದು ತುದಿಯಲ್ಲಿ ಆಳವಿಲ್ಲದವು. ಅಲ್ಲಿ ಕಾಲೂರಿ ಆಡಲು ರೂಢಿಯಾದ ಹುಡುಗರಿಗೆ ಆಳದ ಕೊಳದ ಪಂದ್ಯ ಬೇರೆಯೇ ಆಟವೆನಿಸುತ್ತದೆ. ಜಿಲ್ಲೆಗೊಂದಾದರೂ ಪೂರ್ತಿ ಆಳವಿರುವ ಕೊಳವನ್ನು ಕಟ್ಟಿ, ಹಳೆಯ ಆಟಗಾರರನ್ನು ಅಲ್ಲಿ ತರಬೇತುದಾರರನ್ನಾಗಿ ನೇಮಿಸಬೇಕೆಂದು ನಾನು ಬಯಸುತ್ತೇನೆ.