ನಿವೇದನ ಕೊಟ್ಟಿರಿ, ಪ್ರಶ್ನೆ ಕೊಡಲಿಲ್ಲ

ಮುಂಬಯಿ ಪೂರ್ವ ಉಪನಗರದ ಓದುಗರೊಬ್ಬರು ಬರೆದಿದ್ದಾರೆ. ಅವರ ಹೆಸರು, ಶಾಲೆ, ಮತಕ್ಷೇತ್ರ ಮೂರನ್ನೂ ಬಿಟ್ಟಿದ್ದೇವೆ:

"ನಮ್ಮ ಬಡಾವಣೆಯ ಪಾಲಿಕೆ ಕನ್ನಡ ಶಾಲೆಯ ಕಟ್ಟಡವನ್ನು ದುರಸ್ತಿಗೆಂದು ಖಾಲಿ ಮಾಡಿಸಿ ಎರಡು ವರ್ಷ ದಾಟಿತು. ಮಕ್ಕಳನ್ನು ದೂರದ ಇನ್ನೊಂದು ಶಾಲೆಗೆ ಸೇರಿಸಿದ್ದಾರೆ, ಅರ್ಧಕ್ಕರ್ಧ ಮಕ್ಕಳು ಬಿಟ್ಟೇಬಿಟ್ಟರು. ಆಮದಾರರಿಗೆ (ಶಾಸಕರಿಗೆ) ಮೂರು ಸಲ ನಿವೇದನ (ಮನವಿ ಪತ್ರ) ಕೊಟ್ಟೆವು, ಶಾಲು ಹೊದಿಸಿದೆವು. 'ಅಧಿವೇಶನದಲ್ಲಿ ವಿಷಯ ಎತ್ತುತ್ತೇನೆ' ಅಂದರು. ಅಧಿವೇಶನ ಮುಗಿದೂ ಆಯಿತು. ಟಿ.ವಿ.ಯಲ್ಲಿ ಕಂಡದ್ದು ವಿಧಾನ ಭವನದ ಮೆಟ್ಟಿಲ ಮೇಲೆ ಘೋಷಣೆ ಮಾತ್ರ. ಇವರ ಕೆಲಸವಾದರೂ ಏನು? ವರ್ಷಕ್ಕೆ ಐದು ಕೋಟಿ ಬರುತ್ತದಂತಲ್ಲ, ಅದರಲ್ಲಿ ಒಂದಿಷ್ಟು ಕೊಟ್ಟರೆ ಸಾಲದೇ?"

ಮಾನ್ಯರೇ,

ಹಣದ ಮಾತು ಮೊದಲು ಮುಗಿಸೋಣ. ಮಹಾರಾಷ್ಟ್ರದಲ್ಲಿ ಶಾಸಕರ ಸ್ಥಳೀಯ ಅಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ ಎಂಬುದು ಸರಿ. ಆದರೆ ಅದರ ಒಂದು ರೂಪಾಯಿಯೂ ಅವರ ಕೈಗೆ ಬರುವುದಿಲ್ಲ. ಅವರು ಕೊಡುವುದು ಶಿಫಾರಸು ಪತ್ರ. ಅದು ಬಾಂದ್ರಾ ಪೂರ್ವದಲ್ಲಿರುವ ಉಪನಗರ ಜಿಲ್ಲಾಧಿಕಾರಿ ಕಚೇರಿಯ ನಿಯೋಜನ ಶಾಖೆಗೆ ಹೋಗಬೇಕು. ಕೆಲಸ ಮಾಡುವ ಸಂಸ್ಥೆ ಅಂದಾಜುಪಟ್ಟಿ ಕೊಡಬೇಕು. ಆಮೇಲೆ ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಫೈಲು ಹೆಚ್ಚಾಗಿ ಸಿಕ್ಕಿಬೀಳುವುದು ಇವುಗಳಿಗೂ ಮೊದಲೇ, ಜಾಗದ ಒಡೆತನ ಯಾರದೋ ಅವರ ನಿರಾಕ್ಷೇಪಣಾ ಪತ್ರ ಇಲ್ಲದ ಕಾರಣಕ್ಕೆ. ನಿಮ್ಮ ಶಾಲೆಯ ಜಾಗ ಪಾಲಿಕೆಯದು, ಆ ಪತ್ರವನ್ನೂ ಪಾಲಿಕೆಯೇ ಕೊಡಬೇಕು. ಚುನಾವಣೆಯ ಆಚಾರಸಂಹಿತೆ ನಡುವೆ ಬಂದರೆ ಹೊಸ ಕಾರ್ಯಾದೇಶ ಅಲ್ಲಿಗೇ ನಿಂತಿತು.

ಅದಕ್ಕಿಂತ ದೊಡ್ಡ ತೊಡಕು ಕಟ್ಟಡದ ವರ್ಗದ್ದು. ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನದ ತಪಾಸಣೆ, ಕಡ್ಡಾಯ. ಅದರ ಮೇಲೆ ಕಟ್ಟಡಕ್ಕೊಂದು ಗುರುತು ಬೀಳುತ್ತದೆ: ಸಿ-1 ಎಂದರೆ ಖಾಲಿ ಮಾಡಿ ಕೆಡವಬೇಕಾದದ್ದು, ಸಿ-2ಎ ಎಂದರೆ ಪೂರ್ತಿಯೋ ಭಾಗಶಃವೋ ಖಾಲಿ ಮಾಡಿಸಿ ದೊಡ್ಡ ದುರಸ್ತಿ, ಸಿ-2ಬಿ ಎಂದರೆ ಜನ ಇದ್ದಂತೆಯೇ ದುರಸ್ತಿ, ಸಿ-3 ಎಂದರೆ ಸಣ್ಣಪುಟ್ಟ ಕೆಲಸ. ನಿಮ್ಮದು ಸಿ-1 ಆಗಿದ್ದರೆ 'ದುರಸ್ತಿಗೆ ಹಣ ಕೊಡಿ' ಎಂಬ ನಿವೇದನಕ್ಕೆ ಅರ್ಥವೇ ಇಲ್ಲ. ಅಲ್ಲಿ ದುರಸ್ತಿ ಆಗುವುದಿಲ್ಲ, ಹೊಸದಾಗಿ ಕಟ್ಟಬೇಕು. ಕಟ್ಟಡ ಯಾವ ವರ್ಗದ್ದೆಂದು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಮೂರು ನಿವೇದನಗಳಲ್ಲೂ ಇರಲಿಲ್ಲವೆಂದೇ ನಮ್ಮ ಅನುಮಾನ. 2025-26ರಲ್ಲಿ 74,000 ಕೋಟಿ ರೂಪಾಯಿ ದಾಟಿದ ಬಜೆಟ್ ಮಂಡಿಸಿದ ಪಾಲಿಕೆಯ ಶಾಲೆಗೆ ಆಮದಾರರ ಐದು ಕೋಟಿಯಲ್ಲಿ ಪಾಲು ಕೇಳುವುದು ಹೇಗಿದ್ದರೂ ವಿಚಿತ್ರವೇ. ಹಣದ ಕೊರತೆಯಿಂದ ಈ ಕೆಲಸ ನಿಂತಿರುವ ಸಂಭವ ಕಡಿಮೆ. ಯಾವುದೋ ಮೇಜಿನ ಮೇಲೆ ನಿಂತಿದೆ. ಯಾವ ಮೇಜು ಎಂಬುದನ್ನು ಸರ್ಕಾರದ ಬಾಯಿಂದಲೇ ಹೇಳಿಸುವುದು ಶಾಸಕರ ನಿಜವಾದ ಕೆಲಸ.

ಶಾಸಕರಿಗೆ ಪಾಲಿಕೆಯ ಎಂಜಿನಿಯರಿಗೆ ಆದೇಶ ಕೊಡುವ ಅಧಿಕಾರವಿಲ್ಲ, ಫೋನು ಮಾಡಬಹುದು ಅಷ್ಟೆ. ಮಸೂದೆಗೆ ಮತ ಹಾಕುವಾಗಲೂ ಪಕ್ಷದ ವಿಪ್ (ಹೀಗೇ ಮತ ಹಾಕಬೇಕೆಂಬ ಆದೇಶ) ಮೀರುವಂತಿಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ಸದಸ್ಯತ್ವಕ್ಕೇ ಕುತ್ತು. ಆದರೆ ಪ್ರಶ್ನೆ ಕೇಳಲು ವಿಪ್ ಅಡ್ಡ ಬರುವುದಿಲ್ಲ. ಆಳುವ ಪಕ್ಷದವರೂ ಕೇಳಬಹುದು, ಕೇಳುತ್ತಾರೆ ಕೂಡ. ಸದಸ್ಯರೊಬ್ಬರ ಪ್ರಶ್ನೆ ಸ್ವೀಕಾರವಾಯಿತೆಂದರೆ ವಿಧಾನಮಂಡಲದ ಸಚಿವಾಲಯದಿಂದ ಮಂತ್ರಾಲಯದ (ಇಲ್ಲಿನ ರಾಜ್ಯ ಸಚಿವಾಲಯದ) ಇಲಾಖೆಗೆ, ಅಲ್ಲಿನ ಕಕ್ಷ ಅಧಿಕಾರಿಯಿಂದ (ಡೆಸ್ಕ್ ಆಫೀಸರ್) ಪಾಲಿಕೆಗೆ, ಪಾಲಿಕೆಯಿಂದ ವಾರ್ಡ್ ಕಚೇರಿಗೆ ಇಳಿದು, ಮತ್ತೆ ಅದೇ ಮೆಟ್ಟಿಲು ಹತ್ತಿ ಸಚಿವರ ಸಹಿಯೊಂದಿಗೆ ಹೊರಗೆ ಬರಬೇಕು. ಎರಡು ವರ್ಷ ಯಾರೂ ತೆರೆಯದ ಫೈಲನ್ನು ಐದಾರು ಜನ ತೆರೆದು ನೋಡುತ್ತಾರೆ. ಎಷ್ಟೋ ಸಲ ಉತ್ತರ ಬರೆಯಬೇಕಾದ ಮುಜುಗರಕ್ಕೇ ಟೆಂಡರು ಹೊರಡುತ್ತದೆ.

ಹಾಗಾದರೆ ನಿಮ್ಮವರು ಯಾಕೆ ಕೇಳಲಿಲ್ಲ? ಬೇಕೆಂದೇ ಕೇಳಲಿಲ್ಲ ಎನ್ನುವ ಮೊದಲು ದಿನಾಂಕ ನೋಡಿ. ಇಲ್ಲಿ ವರ್ಷಕ್ಕೆ ಮೂರು ಅಧಿವೇಶನ: ಬಜೆಟ್ ಮತ್ತು ಮಳೆಗಾಲದ್ದು ಮುಂಬಯಿಯಲ್ಲಿ, ಚಳಿಗಾಲದ್ದು ನಾಗಪುರದಲ್ಲಿ. ನಮ್ಮೂರ ಕಡೆ ಬೆಂಗಳೂರು, ಬೆಳಗಾವಿ ಇದ್ದಂತೆಯೇ. ನಾಗಪುರದ್ದಕ್ಕೆ 1953ರ ಒಪ್ಪಂದದ ಹಿನ್ನೆಲೆಯಿದೆ. ಮೂರೂ ಸೇರಿ ಕಲಾಪ 50 ದಿನ ಮುಟ್ಟುವುದು ಅಪರೂಪ. ಸದನದಲ್ಲಿ ಬಾಯಿಮಾತಿನ ಉತ್ತರ ಕೇಳುವ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಇಲ್ಲಿನವರ 'ತಾರಾಂಕಿತ', ಅಧಿವೇಶನಕ್ಕೆ ವಾರಗಳ ಮುಂಚೆಯೇ ಸಲ್ಲಿಕೆಯಾಗಿರಬೇಕು. ಅಧಿವೇಶನ ಶುರುವಾದ ವಾರ ಶಾಲು ಹಿಡಿದು ಹೋದವರ ವಿಷಯ ಆ ಸಲದ ಪಟ್ಟಿಗೆ ಸೇರುವುದಿಲ್ಲ. ಸೇರಿದರೂ ದಿನಕ್ಕೆ ಪ್ರಶ್ನೋತ್ತರಕ್ಕಿರುವುದು ಒಂದು ತಾಸು. ಉಪಪ್ರಶ್ನೆಗಳ ನಡುವೆ ಬಾಯಿಮಾತಿನ ಉತ್ತರ ಸಿಗುವುದು ಐದಾರಕ್ಕೆ. ಉಳಿದವುಗಳ ಲಿಖಿತ ಉತ್ತರ ಸದನದ ಮುಂದಿಡುತ್ತಾರೆ. ಗದ್ದಲದಲ್ಲಿ ಆ ತಾಸು ಕೊಚ್ಚಿಹೋದರೂ ಅಚ್ಚಾದ ಉತ್ತರ ಕೊಚ್ಚಿಹೋಗುವುದಿಲ್ಲ. ಇದನ್ನು ಟಿ.ವಿ. ತೋರಿಸುವುದಿಲ್ಲ.

ಇನ್ನು ಪ್ರಶ್ನೆ ಬರೆಯುವ ಬಗೆ. ಕೆಲಸ ಕೆಡುವುದು ಇಲ್ಲೇ. ಮಹಾರಾಷ್ಟ್ರದ ಸದನದಲ್ಲಿ ಪ್ರಶ್ನೆಗೊಂದು ಹಳೆಯ ಅಚ್ಚಿದೆ: 'ಹೀಗಿರುವುದು ನಿಜವೇ? ನಿಜವಿದ್ದರೆ ಸರ್ಕಾರ ಕೈಗೊಂಡ ಕ್ರಮವೇನು? ಕೈಗೊಂಡಿಲ್ಲವಾದರೆ ವಿಳಂಬಕ್ಕೆ ಕಾರಣವೇನು?' ಬೆಂಗಳೂರಿನಲ್ಲಿ ಅದೇ ಮಾತು 'ಸರ್ಕಾರದ ಗಮನಕ್ಕೆ ಬಂದಿದೆಯೇ?' ಎಂದಿರುತ್ತದೆ. ನಿಮ್ಮ ನಿವೇದನವನ್ನು ಆ ಅಚ್ಚಿಗೆ ಸುರಿದರೆ 'ಶಾಲೆ ಮುಚ್ಚಿ ಮಕ್ಕಳಿಗೆ ತೀವ್ರ ತೊಂದರೆಯಾಗಿದೆ ಎಂಬುದು ನಿಜವೇ?' ಎಂದಾಗುತ್ತದೆ. ಬರುವ ಉತ್ತರ: 'ಭಾಗಶಃ ನಿಜ. ಕಾರ್ಯವಾಹಿ ನಡೆದಿದೆ. ಪ್ರಶ್ನೆ ಉದ್ಭವಿಸುವುದಿಲ್ಲ.' ಅಡ್ಡಗೋಡೆಯ ಮೇಲೆ ದೀಪ. ಆ ಅವಕಾಶ ಕೊಟ್ಟದ್ದು 'ತೀವ್ರ' ಎಂಬ ಒಂದು ಶಬ್ದ. ಶಾಲೆ ಮುಚ್ಚಿದ್ದನ್ನು ಒಪ್ಪಿ, ತೀವ್ರವೆಂಬುದನ್ನು ಅಲ್ಲಗಳೆದರೆ ಅದು ಭಾಗಶಃ ನಿಜವೇ ತಾನೆ!

ವಿಶೇಷಣ ತೆಗೆಯಿರಿ. ಉತ್ತರದಲ್ಲಿ ದಿನಾಂಕವೋ ಅಂಕಿಯೋ ಬರಲೇಬೇಕಾದಂತೆ ಕೇಳಿ. ಕಟ್ಟಡದ ಸ್ಟ್ರಕ್ಚರಲ್ ಆಡಿಟ್ ಯಾವ ದಿನ ಆಯಿತು, ಯಾವ ವರ್ಗ ಕೊಟ್ಟರು? ಖಾಲಿ ಮಾಡಿಸಿದ ದಿನ ಯಾವುದು? ಟೆಂಡರ್ ಕರೆದದ್ದು ಎಂದು, ಎಷ್ಟು ಜನ ಹಾಕಿದರು, ಕಾರ್ಯಾದೇಶದ ದಿನಾಂಕ, ಮುಗಿಸಬೇಕಾದ ಅವಧಿ? ಖಾಲಿ ಮಾಡಿಸಿದ ದಿನ ಹಾಜರಿಪುಸ್ತಕದಲ್ಲಿ ಎಷ್ಟು ಮಕ್ಕಳಿದ್ದರು, ಇಂದು ಎಷ್ಟು? ಬದಲಿ ಶಾಲೆ ಎಷ್ಟು ದೂರ? ಕೊನೆಯದನ್ನು ಬಿಡಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ ರಾಜ್ಯ ನಿಯಮಗಳ ಪ್ರಕಾರ 1ರಿಂದ 5ನೇ ತರಗತಿಯ ಶಾಲೆ ಒಂದು ಕಿಲೋಮೀಟರ್, 6ರಿಂದ 8ರದ್ದು ಮೂರು ಕಿಲೋಮೀಟರ್ ಒಳಗಿರಬೇಕು. 'ಮಕ್ಕಳು ಬಿಟ್ಟುಹೋದರು' ಎಂಬ ನಿಮ್ಮ ಸಂಕಟ ಕಾನೂನಿನ ಭಾಷೆಗೆ ಬರುವುದು ಈ ಎರಡು ಅಂಕಿಗಳಿಂದ.

ಎರಡು ವಿಷಯ ಒಂದೇ ಪ್ರಶ್ನೆಯಲ್ಲಿ ತುರುಕಬೇಡಿ. ಪಾಲಿಕೆಯ ಕಟ್ಟಡ ನಗರವಿಕಾಸ ಇಲಾಖೆಗೆ ಹೋಗುತ್ತದೆ; ಕನ್ನಡ ಮಾಧ್ಯಮ, ಶಿಕ್ಷಕರ ಕೊರತೆ ಶಾಲಾ ಶಿಕ್ಷಣ ಇಲಾಖೆಗೆ. ಎರಡನ್ನೂ ಸೇರಿಸಿದ ಪ್ರಶ್ನೆ ಇಲಾಖೆಯಿಂದ ಇಲಾಖೆಗೆ ವರ್ಗವಾಗುತ್ತಲೇ ಅಧಿವೇಶನ ಮುಗಿಯುತ್ತದೆ. ನಿಮ್ಮ ಸಂಘದವರು ಹೈಕೋರ್ಟಿಗೆ ಹೋಗುವ ಯೋಚನೆಯಲ್ಲಿದ್ದರೆ ಮೊದಲು ಪ್ರಶ್ನೆಗೆ ಉತ್ತರ ಪಡೆಯಿರಿ. ಅರ್ಜಿ ದಾಖಲಾದ ಮೇಲೆ 'ವಿಷಯ ನ್ಯಾಯಾಲಯದಲ್ಲಿದೆ' ಎಂಬ ಗುರಾಣಿ ಸಚಿವರ ಕೈಗೆ ಸಿಗುತ್ತದೆ.

ಪ್ರಶ್ನೆಯ ಗಡುವು ತಪ್ಪಿದ್ದರೆ ಗಮನ ಸೆಳೆಯುವ ಸೂಚನೆಯಿದೆ. ಇಲ್ಲಿ 'ಲಕ್ಷವೇಧಿ' ಎನ್ನುತ್ತಾರೆ, ವಿಧಾನಸಭೆಯ ನಿಯಮ 105. ಅಧಿವೇಶನ ನಡೆಯುತ್ತಿರುವಾಗಲೇ ಕೊಡಬಹುದು. ಸಚಿವರು ಲಿಖಿತ ಹೇಳಿಕೆ ಕೊಟ್ಟು ಎದ್ದುನಿಂತು ಉತ್ತರಿಸಬೇಕಾಗುತ್ತದೆ. ಆದರೆ ಬರುವ ಸೂಚನೆಗಳ ರಾಶಿಯಲ್ಲಿ ಸಭಾಧ್ಯಕ್ಷರು ಆರಿಸುವುದು ಕೆಲವನ್ನೇ. ಒಂದು ಶಾಲೆಯ ವಿಷಯ ಆಯ್ಕೆಯಾಗುವುದು ಕಷ್ಟ. ಖಾಲಿ ಮಾಡಿಸಿ ಕೈಬಿಟ್ಟ ನಾಲ್ಕಾರು ಶಾಲೆಗಳ ಪಟ್ಟಿ ಇದ್ದರೆ ಅವಕಾಶ ಹೆಚ್ಚು. ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ. ಪಕ್ಕದ ತೆಲುಗು, ಉರ್ದು ಶಾಲೆಯವರದೂ ಇದೇ ಪಾಡಾಗಿದ್ದರೆ ಸೇರಿಕೊಳ್ಳಿ. ಇದನ್ನು ಕನ್ನಡದ ಅಭಿಮಾನದ ವಿಷಯವೆಂದು ಒಯ್ದರೆ ಮೆಟ್ಟಿಲ ಮೇಲಿನ ಘೋಷಣೆಗೆ ಸರಕಾಗುತ್ತದೆಯೇ ಹೊರತು ಟೆಂಡರು ಮುಂದೆ ಹೋಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ನೀವು ಒಪ್ಪದಿರಬಹುದು.

ಸಚಿವರು ಸದನದಲ್ಲಿ 'ಪರಿಶೀಲಿಸುತ್ತೇನೆ', 'ಇಷ್ಟು ತಿಂಗಳಲ್ಲಿ ಮುಗಿಸುತ್ತೇವೆ' ಅಂದರೆ ಆ ಮಾತು ಗಾಳಿಗೆ ಹೋಗುವುದಿಲ್ಲ. ಅದನ್ನು ಕಡತದಿಂದ ಹೆಕ್ಕಿ ಬೆನ್ನಟ್ಟುವುದಕ್ಕೆಂದೇ ಆಶ್ವಾಸನ ಸಮಿತಿ ಇದೆ. ನಿಧಾನದ ಸಮಿತಿ, ಆದರೆ ಇಲಾಖೆಯ ಕಾರ್ಯದರ್ಶಿಯನ್ನು ಎದುರು ಕೂರಿಸಿ ಕೇಳಬಲ್ಲದು. ಮುಂದಿನ ಭೇಟಿಯಲ್ಲಿ 'ನಮ್ಮ ವಿಷಯ ಏನಾಯಿತು?' ಎನ್ನುವ ಬದಲು 'ಇದು ಆಶ್ವಾಸನವಾಗಿ ದಾಖಲಾಗಿದೆಯೇ?' ಎಂದು ಕೇಳಿ ನೋಡಿ.

ಕೇಳುವವರು ನಿಮ್ಮ ಕ್ಷೇತ್ರದ ಆಮದಾರರೇ ಆಗಬೇಕೆಂದಿಲ್ಲ. 288 ಸದಸ್ಯರಲ್ಲಿ ಯಾರು ಬೇಕಾದರೂ ರಾಜ್ಯದ ಯಾವ ಮೂಲೆಯ ಬಗ್ಗೆಯೂ ಕೇಳಬಹುದು, ಒಂದೇ ಪ್ರಶ್ನೆಗೆ ಹಲವರು ಹೆಸರು ಸೇರಿಸುವ ರೂಢಿಯೂ ಇದೆ. ಅಕ್ಕಲಕೋಟ, ಜತ್ತದಂಥ ಕನ್ನಡ ಮತದಾರರಿರುವ ಕ್ಷೇತ್ರಗಳ ಸದಸ್ಯರಿಗೆ ಕನ್ನಡ ಶಾಲೆ ಹೊಸ ವಿಷಯವಲ್ಲ. 78 ಸದಸ್ಯರ ವಿಧಾನ ಪರಿಷತ್ತೂ ಇದೆ, ಅಲ್ಲಿ ಮುಂಬಯಿ ಶಿಕ್ಷಕರ ಮತಕ್ಷೇತ್ರದಿಂದ ಬಂದವರಿದ್ದಾರೆ. (ಆ ಕ್ಷೇತ್ರದಲ್ಲಿ ಮತವಿರುವುದು ಪ್ರೌಢಶಾಲೆ ಮತ್ತು ಮೇಲಿನ ಶಿಕ್ಷಕರಿಗೆ. ಪ್ರಾಥಮಿಕ ಶಾಲೆಯ ನಿಮ್ಮ ಶಿಕ್ಷಕಿಯರಿಗೆ ಇಲ್ಲ, ಅದನ್ನು ತಿಳಿದೇ ಹೋಗಿ.) ಕನ್ನಡದಲ್ಲೇ ಮಾತಾಡಬಹುದೇ ಎಂದು ಹಿಂದೊಮ್ಮೆ ಓದುಗರು ಕೇಳಿದ್ದುಂಟು. ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಚೆನ್ನಾಗಿ ಹೇಳಲಾಗದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದೆಂದು ಸಂವಿಧಾನದ 210ನೇ ವಿಧಿ ಹೇಳುತ್ತದೆ. ನಿಮ್ಮ ಟಿಪ್ಪಣಿ ಮಾತ್ರ ಮರಾಠಿಯಲ್ಲಿರಲಿ. ಆಪ್ತ ಸಹಾಯಕರು ಅದನ್ನು ಅನುವಾದಿಸುತ್ತ ಕೂರುವುದಿಲ್ಲ.

ಹೋಗುವ ಮೊದಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರದ ಅವಧಿ 30 ದಿನ. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದ ಮೀರಬಾರದು. ಆಡಿಟ್ ವರದಿಯ ಪ್ರತಿ ಮತ್ತು ಟೆಂಡರ್ ದಾಖಲೆ ಕೇಳಿದರೆ ಸಾಕು. ಬಂದದ್ದರ ಪ್ರತಿ ಹಚ್ಚಿ, ಮೇಲೆ ಹೇಳಿದ ಪ್ರಶ್ನೆಗಳನ್ನು ಒಂದೇ ಪುಟದಲ್ಲಿ ಟೈಪ್ ಮಾಡಿಸಿ, ಅಧಿವೇಶನದ ದಿನಾಂಕ ಪತ್ರಿಕೆಯಲ್ಲಿ ಬರುವುದನ್ನು ಕಾಯದೆ ಎರಡು ತಿಂಗಳು ಮುಂಚೆ ಆಮದಾರರ ಕಚೇರಿಗೆ ಕೊಡಿ. ಆವಕ ನಂಬರು (ಪತ್ರ ಸ್ವೀಕರಿಸಿದ್ದಕ್ಕೆ ಕೊಡುವ ಸಂಖ್ಯೆ) ಹಾಕಿಸಿಕೊಂಡು ಬನ್ನಿ. ಪ್ರಶ್ನೆ ಸಲ್ಲಿಕೆಯಾಯಿತೆಂದರೆ ಅದರ ಕ್ರಮಾಂಕ ಕೇಳಿ, ಹುಡುಕುವಾಗ ಬೇಕಾಗುತ್ತದೆ. ಉತ್ತರ ಬಂದ ದಿನ ಅದರ ಒಂದು ಪ್ರತಿ ನಮಗೂ ಕಳಿಸಿ, ಶಾಲೆಯ ಹೆಸರು ಹಾಕಿ ಪ್ರಕಟಿಸಬಹುದೋ ಇಲ್ಲವೋ ಎಂಬುದನ್ನೂ ತಿಳಿಸಿ.

— ಸಂಪಾದಕ