ಹತ್ತಿರ ಬಂದರೆ ಬೆಳಗಿ ಸ್ವರ ನುಡಿಯುವ ಬಣ್ಣದ ಗಾಜಿನ ಕಿಟಕಿ: ಯಾವ ಸೆನ್ಸರ್ ಹಾಕಲಿ?

ಕೋಲಾರದ ನಿಮ್ಮ ಕಾಲೇಜಿನ ವಸ್ತುಪ್ರದರ್ಶನಕ್ಕೆ ಚರ್ಚಿನ ಬಣ್ಣದ ಗಾಜಿನ ಕಿಟಕಿಯಂಥದ್ದು ಮಾಡಬೇಕು, ಜನ ಹತ್ತಿರ ಬಂದರೆ ಒಂದೊಂದು ಖಾನೆ ಹೊತ್ತಿಕೊಂಡು ಸ್ವರ ಬರಬೇಕು ಅಂತ ಕೇಳಿದ್ದೀರಿ. ನಾನು ತುಮಕೂರಿನಲ್ಲಿ ನಾಟಕಗಳಿಗೆ ಲೈಟಿಂಗ್ ಮಾಡುತ್ತೇನೆ, ಇಂಥವನ್ನೂ ಕಟ್ಟಿಕೊಟ್ಟಿದ್ದೇನೆ. ಸೆನ್ಸರ್ ಆಮೇಲೆ ನೋಡೋಣ, ಮೊದಲು ಬೆಳಕು ಸರಿಹೋಗಲಿ.

ಆ ಕಿಟಕಿಗಳು ಅಷ್ಟು ಚೆಂದ ಕಾಣೋದು ಒಳಗೆ ಕತ್ತಲೆ, ಹೊರಗೆ ಬಿಸಿಲು ಇರುವುದರಿಂದ, ಜೊತೆಗೆ ಗಾಜಿನ ತುಂಡುಗಳ ನಡುವೆ ಸೀಸದ ಕಪ್ಪು ಪಟ್ಟಿ ಇರುವುದರಿಂದ. ಪಟ್ಟಿ ಬಿಟ್ಟರೆ ಬಣ್ಣವೆಲ್ಲ ಕಲೆಸಿಹೋಗಿ ಮದುವೆ ಮನೆ ಸೀರಿಯಲ್ ಸೆಟ್ ತರಹ ಆಗುತ್ತದೆ. ಹಾಗಾಗಿ ಪ್ರತಿ ಖಾನೆಯ ಸುತ್ತ ಕಪ್ಪು ರಟ್ಟಿನ ಗೋಡೆ ಕೊಡಿ. ಎಲ್‌ಇಡಿ ಪಟ್ಟಿಗೂ ಮುಂದಿನ ಬಟರ್ ಪೇಪರ್‌ಗೂ ನಾಲ್ಕೈದು ಸೆಂಟಿಮೀಟರ್ ಅಂತರ ಇರಲಿ, ಇಲ್ಲದಿದ್ದರೆ ಚುಕ್ಕಿ ಚುಕ್ಕಿ ಕಾಣುತ್ತದೆ. ಚಿತ್ರ ಬರೆಯಲು ಬರಲ್ಲ ಅಂತ ಹೆದರಬೇಡಿ. ಜರ್ಮನಿಯ ಕಲೋನ್ ಕೆಥೆಡ್ರಲ್ ಅನ್ನೋ ದೊಡ್ಡ ಚರ್ಚಿನಲ್ಲಿ ಚಿತ್ರಕಾರ ಗೆರ್ಹಾರ್ಡ್ ರಿಕ್ಟರ್ 2007ರಲ್ಲಿ ಮಾಡಿದ ಕಿಟಕಿಯಲ್ಲಿ ಇರೋದು 72 ಬಣ್ಣದ ಬರೀ ಚೌಕಗಳು.

ಈಗ ನನಗೆ ತುಂಬಾ ಇಷ್ಟವಾದ ವಿಷಯ. ಬಣ್ಣದ ಗಾಜು ಬಣ್ಣ ಸೇರಿಸುವುದಿಲ್ಲ, ಉಳಿದ ಬಣ್ಣಗಳನ್ನು ತಡೆಯುತ್ತದೆ. ನಾಟಕದ ಲೈಟಿಗೆ ಹಾಕುವ ಕೆಂಪು ಜಿಲೆಟಿನ್ ಹಾಳೆಯ ಹಿಂದೆ ನೀಲಿ ಎಲ್‌ಇಡಿ ಹಚ್ಚಿ ನೋಡಿ, ಹೆಚ್ಚುಕಡಿಮೆ ಕಪ್ಪೇ. ಅದನ್ನೇ ಬಳಸಿಕೊಳ್ಳಿ: ನೀಲಿ ಹಾಳೆಯಲ್ಲಿ ಹೂವಿನ ಆಕಾರ ಕತ್ತರಿಸಿ ತೆಗೆದು ಅಲ್ಲಿ ಕೆಂಪು ಹಾಳೆ ಅಂಟಿಸಿ, ಯಾರೂ ಇಲ್ಲದಾಗ ನೀಲಿ ಬೆಳಕು ಮಾತ್ರ ಇಡಿ, ಜನ ಹತ್ತಿರ ಬಂದ ಹಾಗೆ ಕೆಂಪನ್ನು ಏರಿಸುತ್ತಾ ಹೋಗಿ. ಕಪ್ಪಗಿದ್ದ ಹೂವು ನಿಧಾನಕ್ಕೆ ಎದ್ದು ಬರುತ್ತದೆ. ಸುಮ್ನೆ ಆನ್-ಆಫ್ ಆಗೋದಕ್ಕಿಂತ ಇದು ಎಷ್ಟೋ ಮೇಲು ಅಲ್ವಾ?

ಸೆನ್ಸರ್‌ಗೆ ಅಗ್ಗದ ಎಚ್‌ಸಿ-ಎಸ್‌ಆರ್04 ಸಾಕು, ಅದು ನಮ್ಮ ಕಿವಿಗೆ ಕೇಳದ ಶಬ್ದ ಕಳಿಸಿ ಅದರ ಪ್ರತಿಧ್ವನಿಯಿಂದ ದೂರ ಅಳೆಯುತ್ತದೆ. ಆದರೆ ಎಲ್ಲವನ್ನೂ ಒಟ್ಟಿಗೆ ಚಾಲೂ ಮಾಡಬೇಡಿ, ಒಂದರ ಶಬ್ದ ಇನ್ನೊಂದಕ್ಕೆ ಕೇಳಿಸಿ ಅಳತೆ ತಪ್ಪುತ್ತದೆ. ಒಂದಾದ ಮೇಲೊಂದು ಓಡಿಸಿ. ಮೆತ್ತನೆ ಉಲ್ಲನ್ ಬಟ್ಟೆ ಹಾಕಿಕೊಂಡು ಬಂದವರು ಒಮ್ಮೊಮ್ಮೆ ಅದಕ್ಕೆ ಸರಿಯಾಗಿ ಕಾಣಿಸಲ್ಲ, ಅದೇನು ದೊಡ್ಡ ವಿಷಯವಲ್ಲ.

ಸ್ವರಕ್ಕೆ ಮೋಹನ ರಾಗ ಹಿಡಿಯಿರಿ. ಸ ರಿ ಗ ಪ ದ, ಐದು ಖಾನೆ, ಐದು ಸ್ವರ. ಮೂರ್ನಾಲ್ಕು ಜನ ಒಟ್ಟಿಗೆ ನಿಂತರೂ ಕಿವಿಗೆ ಹಿತವಾಗೇ ಇರುತ್ತದೆ. ಇಂಥದ್ದಕ್ಕೆ ಬಳಸುವ ಡಿಎಫ್‌ಪ್ಲೇಯರ್ ಅನ್ನೋ ಪುಟ್ಟ ಎಂಪಿ3 ಬೋರ್ಡ್ ಒಂದು ಸಲಕ್ಕೆ ಒಂದೇ ಫೈಲ್ ನುಡಿಸುತ್ತದೆ, ಹಾಗಾಗಿ ಶಬ್ದದ ಕೆಲಸ ಲ್ಯಾಪ್‌ಟಾಪ್‌ಗೆ ಬಿಡಿ, ಸೆನ್ಸರ್ ಓದುವ ಆರ್ಡುಯಿನೊ (ಪ್ರೋಗ್ರಾಮ್ ಮಾಡಬಹುದಾದ ಪುಟ್ಟ ಬೋರ್ಡ್) ಯಾವ ಖಾನೆ ಅಂತ ಹೇಳಿದರೆ ಸಾಕು.

ಪಟ್ಟಿಗೆ ಡಬ್ಲ್ಯುಎಸ್2812ಬಿ ತಗೊಳ್ಳಿ, ಅದರಲ್ಲಿ ಒಂದೊಂದು ಎಲ್‌ಇಡಿಗೂ ಬೇರೆ ಬೇರೆ ಬಣ್ಣ ಕೊಡಬಹುದು. ಆ ಎಲ್‌ಇಡಿ ಪೂರ್ತಿ ಬಿಳಿ ಉರಿದರೆ ಒಂದಕ್ಕೆ 60 ಮಿಲಿಆಂಪಿಯರ್‌ವರೆಗೆ ಬೇಕು, ಅಂದರೆ ನೂರಕ್ಕೆ 5 ವೋಲ್ಟ್‌ನಲ್ಲಿ 6 ಆಂಪಿಯರ್. ಮೊಬೈಲ್ ಚಾರ್ಜರ್ ಕೆಲಸಕ್ಕೆ ಬರಲ್ಲ. ಪಟ್ಟಿಯ ಎರಡೂ ತುದಿಗೆ ಕರೆಂಟ್ ಕೊಡಿ, ಇಲ್ಲದಿದ್ದರೆ ದೂರದ ತುದಿಯ ಬಿಳಿ ಕೆಂಪಗಾಗುತ್ತದೆ. ಸಾಮಾನೆಲ್ಲ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುತ್ತದೆ. ಜಿಲೆಟಿನ್ ಹಾಳೆ ಮಾತ್ರ ಹೊಸದು ಕೊಳ್ಳಬೇಡಿ, ನಿಮ್ಮೂರಿನ ನಾಟಕದ ಲೈಟಿನವರ ಹತ್ತಿರ ಉಳಿದ ತುಂಡು ಕೇಳಿ, ಕೊಡುತ್ತಾರೆ.