ಓದುಗರ ಪ್ರಶ್ನೆ: ಎಂಥ ಬ್ಯಾಟಿಂಗ್ ಕೇಜ್ ನಮಗೆ ಸರಿ?

ಪ್ರಶ್ನೆ: ಕಲಬುರಗಿಯ ಹೊರವಲಯದ ಬಡಾವಣೆಯಲ್ಲಿ ನಮ್ಮದೊಂದು 40×60 ಅಡಿಯ ಖಾಲಿ ಸೈಟಿದೆ. ಹದಿಮೂರು ವರ್ಷದ ಮಗ ಈ ವರ್ಷದಿಂದ ಲೆದರ್ ಬಾಲ್‌ನಲ್ಲಿ ಕ್ರಿಕೆಟ್ ಆಡತೊಡಗಿದ್ದಾನೆ. ಅವನಿಗಾಗಿ ಆನ್‌ಲೈನ್‌ನಲ್ಲಿ ಸಿದ್ಧ ಬ್ಯಾಟಿಂಗ್ ಕೇಜ್ (ಸುತ್ತ ಬಲೆಯಿರುವ ಅಭ್ಯಾಸದ ಪಂಜರ) ತರಿಸುವುದು ಒಳ್ಳೆಯದೋ, ಇಲ್ಲೇ ಪೈಪು ನೆಡಿಸಿ ಬಲೆ ಕಟ್ಟಿಸುವುದು ಒಳ್ಳೆಯದೋ?
— ಒಬ್ಬ ತಂದೆ, ಕಲಬುರಗಿ

ಉತ್ತರ: ಮೊದಲು ಮಗನಿಗೆ ಚೆಂಡು ಹಾಕುವವರು ಯಾರು ಎಂಬುದನ್ನು ತೀರ್ಮಾನಿಸಿಕೊಳ್ಳಿ, ಕೇಜ್‌ನ ಉದ್ದವೂ ಖರ್ಚೂ ಅದನ್ನೇ ಅವಲಂಬಿಸಿವೆ. ಸ್ಟಂಪಿನಿಂದ ಸ್ಟಂಪಿಗೆ ಪಿಚ್‌ನ ಉದ್ದ 22 ಗಜ, ಅಂದರೆ 66 ಅಡಿ. ತಮ್ಮ ಸೈಟಿನ ಉದ್ದವೇ 60 ಅಡಿ. ಮೂಲೆಯಿಂದ ಮೂಲೆಗೆ 72 ಅಡಿ ಸಿಗುತ್ತದೆಂದು ಯಾರಾದರೂ ಲೆಕ್ಕ ತೋರಿಸಬಹುದು, ಆದರೆ ಸ್ಟಂಪಿನ ಹಿಂದೆ ಬಲೆಗೂ ಆ ಕಡೆ ಬೌಲರನ ಓಟಕ್ಕೂ ಜಾಗವಿಲ್ಲದ ಪಿಚ್ ಕಟ್ಟಿ ಫಲವಿಲ್ಲ. ಆದ್ದರಿಂದ ವೇಗದ ಬೌಲಿಂಗನ್ನು ಮೈದಾನಕ್ಕೇ ಬಿಟ್ಟು, ಸುಮಾರು 40 ಅಡಿ ದೂರದಿಂದ ತಾವೋ ಕೋಚೋ ಕೈಯಲ್ಲಿ ಚೆಂಡೆಸೆದು ಆಡಿಸುವ ಥ್ರೋಡೌನ್ ಅಭ್ಯಾಸಕ್ಕೆ ತಕ್ಕಂತೆ 50 ಅಡಿ ಉದ್ದ, 12 ಅಡಿ ಅಗಲ, 12 ಅಡಿ ಎತ್ತರದ, ಮೇಲೂ ಬಲೆ ಹೊದಿಸಿದ ಕೇಜನ್ನು ಇಲ್ಲಿಯೇ ಕಟ್ಟಿಸುವುದು ಸೂಕ್ತ. ಎಸೆಯುವವರ ಮುಂದೆ ಒಂದು ಅಡ್ಡಬಲೆ ಇರಲೇಬೇಕು.

ಆನ್‌ಲೈನ್‌ನಲ್ಲಿ ಈ ಹೆಸರಿನಲ್ಲಿ ಸಿಗುವ ಹಲವು ಕೇಜ್‌ಗಳು ಅಮೆರಿಕದ ಬೇಸ್‌ಬಾಲ್‌ಗೆಂದು ಮಾಡಿದವು. ಆ ಆಟದಲ್ಲಿ ಚೆಂಡು ನೆಲ ಮುಟ್ಟದೆ ಬ್ಯಾಟಿಗೆ ಬರುವುದರಿಂದ ಅಲ್ಲಿ ನೆಲದ ಚಿಂತೆ ಅಷ್ಟಿಲ್ಲ. ನಮ್ಮಲ್ಲಿ ಪುಟಿತವೇ ಅರ್ಧ ಆಟ. ಬಲೆಗಿಂತ ಮೊದಲು ಸಮತಟ್ಟಾದ ಕಾಂಕ್ರೀಟ್ ಹಾಸಿಗೂ ಅದರ ಮೇಲಿನ ಮ್ಯಾಟಿಗೂ ಹಣ ತೆಗೆದಿಡಿ. ಅಗ್ಗವೆಂದು ಶಹಾಬಾದ್ ಫರ್ಸಿ ಕಲ್ಲು ಹಾಸಲು ಹೇಳಿದರೆ ಒಪ್ಪಬೇಡಿ, ಸಂದಿಗೆ ಬಿದ್ದ ಚೆಂಡು ಎತ್ತ ಹಾರೀತೆಂದು ಹೇಳಲಾಗದು.

ತಮ್ಮದು ಎರೆ ಭೂಮಿಯಾಗಿದ್ದರೆ ಇನ್ನೊಂದು ಎಚ್ಚರ ಬೇಕು. ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣಿನಲ್ಲಿ ಮೇಲುಮೇಲೆ ನೆಟ್ಟ ಕಂಬ ಒಂದೆರಡು ಮಳೆಗಾಲದಲ್ಲೇ ವಾಲುತ್ತದೆ. ಕೆಳಗಿನ ಗಟ್ಟಿ ಪದರ ಸಿಗುವವರೆಗೆ ಗುಂಡಿ ತೋಡಿಸಿ ಕಾಂಕ್ರೀಟ್ ತುಂಬಿಸಿ, ಹಾಸಿನ ಕೆಳಗಿನ ಎರೆಯನ್ನೂ ತೆಗೆಸಿ ಮುರುಮ್ ಎಂಬ ಗರಸು ಮಣ್ಣು ಹಾಕಿ ದಮ್ಮಸು ಮಾಡಿಸಿ.

ಲೆದರ್ ಚೆಂಡಿನ ಅಡ್ಡಳತೆ ಸುಮಾರು 7 ಸೆಂಟಿಮೀಟರ್. ಬಲೆಯ ಕಣ್ಣು 45ರಿಂದ 50 ಮಿಲಿಮೀಟರ್ ಇದ್ದರೆ ಸಾಕು. ನೈಲಾನ್ ಗಟ್ಟಿಯಾದರೂ ನೀರು ಹೀರುತ್ತದೆ, ಬಿಸಿಲಿಗೆ ಬೇಗ ಸೊರಗುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರಿನ ಬಯಲಿಗೆ ಬಿಸಿಲಿನ ಯುವಿ ಕಿರಣ ತಡೆಯುವ ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್‌ನ ಬಲೆಯೇ ನನ್ನ ಆಯ್ಕೆ. ಬಲೆ ಕಂಬಗಳ ಒಳಬದಿಗೆ, ತುಸು ಸಡಿಲವಾಗಿ ಇಳಿಬಿದ್ದಿರಲಿ. ಬಿಗಿದು ಕಟ್ಟಿದರೆ ಚೆಂಡು ಹೊಡೆದವನ ಕಡೆಗೇ ಚಿಮ್ಮುತ್ತದೆ. ಕಾಂಪೌಂಡ್ ಗೋಡೆಗೂ ಬಲೆಗೂ ಮೂರಡಿ ಅಂತರವಿರಲಿ, ಅಲ್ಲಿ ಯಾರೂ ಬಲೆಗೆ ಒರಗಿ ನಿಂತು ಆಟ ನೋಡದಿರಲಿ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಮೈದಾನದಲ್ಲಿ ಪ್ರಾರ್ಥನೆ, ಕಬಡ್ಡಿ, ಧ್ವಜಾರೋಹಣ ಎಲ್ಲವೂ ನಡೆಯಬೇಕಾದ್ದರಿಂದ ಕಾಯಂ ಕೇಜ್‌ಗೆ ಮುಖ್ಯೋಪಾಧ್ಯಾಯರು ಒಪ್ಪುತ್ತಿಲ್ಲ. ಬೇರೆ ದಾರಿ ಇದೆಯೇ?
— ದೈಹಿಕ ಶಿಕ್ಷಕರು, ಬೀದರ್ ಜಿಲ್ಲೆ

ಉತ್ತರ: ಮುಖ್ಯೋಪಾಧ್ಯಾಯರ ಮಾತು ನ್ಯಾಯವಾಗಿದೆ. ಬ್ಯಾಟರನ ಹಿಂದೆ ಮತ್ತು ಎರಡು ಪಕ್ಕಗಳಲ್ಲಿ ಮಾತ್ರ ಬಲೆಯಿರುವ, ಗಾಲಿಯ ಮೇಲೆ ತಳ್ಳಬಹುದಾದ ಚೌಕಟ್ಟು ತಮಗೆ ಸಾಕು. ಪೂರ್ತಿ ಮೈದಾನವಿರುವುದರಿಂದ ಬೌಲರುಗಳು 22 ಗಜದಿಂದಲೇ ಹಾಕಬಹುದು. ನೇರ ಹೊಡೆತಗಳು ತೆರೆದ ಬದಿಯಿಂದ ಹೊರಬರುವುದರಿಂದ ಆ ದಿಕ್ಕಿನಲ್ಲಿ ಕಬಡ್ಡಿಯ ಅಂಕಣ ಬೇಡ. ಬೀದರಿನ ಗಟ್ಟಿ ಕೆಂಪು ನೆಲದ ಮೇಲೆ ಗಾಲಿಗಳು ಸಲೀಸಾಗಿ ಉರುಳುತ್ತವೆ, ಆದರೆ ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಇಂಥ ಚೌಕಟ್ಟು ಮಗುಚುವುದುಂಟು. ಆಡುವಾಗ ಗಾಲಿಗೆ ಲಾಕ್ ಹಾಕಿ ಕಾಲುಗಳ ಮೇಲೆ ಮರಳಿನ ಚೀಲ ಇಡಿಸಿ, ಬೇಸಿಗೆ ರಜೆಯಲ್ಲಿ ಬಲೆ ಬಿಚ್ಚಿ ಕೋಣೆಯೊಳಗೆ ಇರಿಸಿ.